ಪೂರ್ಣಪಾಠ ಅಂತ ಹಾಕುವ ಮೊದಲು

ಹೋದ ತಿಂಗಳು, ನಾನು ನಿವೃತ್ತಿಯಾದ ಪ್ರಕಾಶನಕ್ಕೆ ಹೊಸದಾಗಿ ಸೇರಿರುವ ಹುಡುಗಿಯೊಬ್ಬಳು ಫೋನು ಮಾಡಿದಳು. "ಮೇಡಂ, ಪುಸ್ತಕದ ಮೇಲೆ ಪೂರ್ಣಪಾಠ ಅಂತ ಯಾವಾಗ ಹಾಕಬಹುದು? ದಪ್ಪ ಇದ್ರೆ ಹಾಕಬಹುದಾ?" ಅಂದಳು. ನಗು ಬಂತು. ನಗುವ ಹಕ್ಕು ನನಗೇನೂ ಇರಲಿಲ್ಲ. ಆ ಪದ ನಮ್ಮಿಂದ ಎಷ್ಟು ಕೆಲಸ ಕೇಳುತ್ತದೆ ಅನ್ನುವುದು ನನಗೆ ಗೊತ್ತಾಗುವ ಹೊತ್ತಿಗೆ ನನ್ನ ಸರ್ವೀಸು ಮುಗಿಯುತ್ತ ಬಂದಿತ್ತು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಅಂದೆ. ಬರೆಯುತ್ತ ಕೂತರೆ ಇಷ್ಟಾಯಿತು. ಈ ಕೆಲಸಕ್ಕೆ ಬರುವ ಬೇರೆಯವರೂ ಓದಿಕೊಳ್ಳಲಿ.

ನಮ್ಮದು ತಿ. ನರಸೀಪುರದ ಕಡೆ ಒಕ್ಕಲು ಮನೆ. ನಮ್ಮ ಮನೆಯಲ್ಲಿ ಮೊದಲು ಹೈಸ್ಕೂಲು ದಾಟಿದವಳು ನಾನು, ಮೊದಲು ಡಿಗ್ರಿ ತಗೊಂಡವಳೂ ನಾನೇ. ಜಂಬಕ್ಕೇ ಹೇಳುತ್ತಿದ್ದೇನೆ, ತಪ್ಪೇನಿಲ್ಲ. ರಜೆಯಲ್ಲಿ ಕಬ್ಬಿನ ಗದ್ದೆಯಲ್ಲಿ ಸೋಗೆ ಸುಲಿದು, ಉಳಿದ ದಿನ ಮೈಸೂರಿನ ಹಾಸ್ಟೆಲಿನಲ್ಲಿ ನೀರುಸಾರು ಉಂಡು ಎಂ.ಎ. ಮಾಡಿದೆ. ಆಮೇಲೆ ಲಕ್ಷ್ಮೀಪುರಂನಲ್ಲಿದ್ದ ಪ್ರಕಾಶನದಲ್ಲಿ ಕರಡು ತಿದ್ದುವ ಕೆಲಸ ಸಿಕ್ಕಿತು. ನಮ್ಮವ್ವನಿಗೆ ಅದು ಏನು ಕೆಲಸ ಅಂತ ಅರ್ಥವಾಗಲಿಲ್ಲ.

"ಬರೆಯಾದು ಅವ್ರು, ಅಚ್ಚಾಕಾದು ಇವ್ರು. ನಡೂಕೆ ನೀನೇನವ್ವ ಮಾಡಾದು?"

"ತಪ್ಪು ಉಡುಕಾದು ಕಣವ್ವ."

"ಅದ್ಕೂ ಸಂಬ್ಳ ಕೊಟ್ಟಾರಾ! ನಮ್ಮತ್ತೆ ಬಿಟ್ಟಿ ಮಾಡ್ತಿದ್ಲು."

ಆಗೆಲ್ಲ ಕರಡನ್ನು ಇಬ್ಬರು ಕೂತು ನೋಡಬೇಕು. ಒಬ್ಬರು ಲೇಖಕರ ಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾಗಿ ಬಂದ ಹಾಳೆ ಹಿಡಿದು ಹಿಂಬಾಲಿಸುವುದು. ಓದುವವರು ಕಾಮಾ, ಪೂರ್ಣವಿರಾಮವನ್ನೂ ಬಾಯಲ್ಲಿ ಹೇಳಬೇಕು. "ಅವಳು ಅತ್ತಳು ಪೂರ್ಣವಿರಾಮ ಹೊಸ ಪ್ಯಾರಾ" ಅಂತ ಹೇಳಿ ಹೇಳಿ ನನಗೆ ಎಂಥ ದುಃಖದ ಕಥೆಯೂ ನಾಟದ ಹಾಗಾಯಿತು. ನನ್ನ ಮೇಲಿದ್ದವರು ಶಾಮರಾಯರು. ಬಿಳಿ ಪಂಚೆ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲು. ಮೊದಲ ವಾರವೇ ನನ್ನ ಓದು ನಿಲ್ಲಿಸಿ, "ಗೌರಮ್ಮ, ನಿಮ್ಮೂರಲ್ಲಿ ಹಕಾರಕ್ಕೆ ಬರ ಬಂದಿದ್ಯೇನಮ್ಮ?" ಅಂದರು. ಇಡೀ ಪ್ರೆಸ್ಸು ನಕ್ಕಿತು. ಆ ಸಂಜೆಯಿಂದ, ಆಗ ನಾನಿದ್ದ ಕೆಲಸದ ಹೆಂಗಸರ ಹಾಸ್ಟೆಲಿನ ಬಾತ್‌ರೂಮಿನಲ್ಲಿ ಹಾಲು, ಹಗ್ಗ, ಹಳ್ಳ ಅಂತ ಕೂಗಿ ಕೂಗಿ ನಾಲಿಗೆ ತಿದ್ದಿಕೊಂಡೆ. ರಾಯರು ಕೆಟ್ಟವರಲ್ಲ. ಕೆಲಸ ಕಲಿಸಿದವರೂ ಅವರೇ. ಅವರದೊಂದೇ ಮಂತ್ರ: "ನಮಗೆ ಪ್ರತಿಯೇ ದೇವರು. ಪ್ರತಿಯಲ್ಲಿ ಇದ್ದದ್ದು ಅಚ್ಚಿನಲ್ಲಿರಬೇಕು, ಇಲ್ಲದ್ದು ಇರಬಾರದು. ನಿನ್ನ ಬುದ್ಧಿ ಉಪಯೋಗಿಸಬೇಡ." ಈ ಮಂತ್ರ ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

ಸೀಸದ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ನಮ್ಮ ದೊಡ್ಡ ಶತ್ರು ಕಾಗುಣಿತವಲ್ಲ, ಕಣ್ಣು ಜಾರುವುದು. ಎರಡು ಸಾಲು ಒಂದೇ ಪದದಲ್ಲಿ ಮುಗಿದರೆ, ಜೋಡಿಸುವವರ ಕಣ್ಣು ಮೇಲಿನದರಿಂದ ಕೆಳಗಿನದಕ್ಕೆ ಹಾರುತ್ತದೆ, ನಡುವಿನದು ಮಾಯ. ಒಂದು ಕಾದಂಬರಿಯಲ್ಲಿ ನಾಯಕಿ ಹೊಳೆಗೆ ಇಳಿದಳು. ಹತ್ತಾರು ಸಾಲಿನ ಕೆಳಗೆ, ಮಾರನೆಯ ದಿನ, ಬಸ್ಸಿನಿಂದ ಇಳಿದಳು. ಜೋಡಿಸಿದವರು ಒಂದು ಇಳಿದಳುವಿನಿಂದ ಇನ್ನೊಂದಕ್ಕೆ ಹಾರಿಬಿಟ್ಟಿದ್ದರು. ಕರಡಿನಲ್ಲಿ ನಾಯಕಿ ಹೊಳೆಗೆ ಇಳಿದಳು, ಕಂಡಕ್ಟರ್ ಚಿಲ್ಲರೆ ಕೊಟ್ಟ. ಇಬ್ಬರು ಕೂತು ಓದಿದ್ದಕ್ಕೆ ಸಿಕ್ಕಿಬಿತ್ತು. ಒಬ್ಬರೇ ಓದಿದರೆ, ಕಾದಂಬರಿಕಾರರಿಗೆ ಹುಚ್ಚು ಹಿಡಿದಿದೆ ಅಂದುಕೊಂಡು ಮುಂದೆ ಹೋಗುತ್ತೇವೆ.

ಆಮೇಲೆ ಕಂಪ್ಯೂಟರು ಬಂತು. ಮೊಳೆಗಳನ್ನು ತೂಕಕ್ಕೆ ಹಾಕಿದರು. ಇಬ್ಬರ ಕೆಲಸ ಒಬ್ಬರಿಗೆ ಬಂತು. ರಾಯರು ರಿಟೈರಾಗಿ ಅವರ ಕುರ್ಚಿ ನನಗೆ ಬಂತು. ಗಟ್ಟಿಯಾಗಿ ಓದುವುದು ನಿಂತು ಆಫೀಸು ಆಸ್ಪತ್ರೆಯ ಹಾಗೆ ಮೌನವಾಯಿತು. ಒಂದು ಫಾಂಟಿನಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಒತ್ತಕ್ಷರಗಳೆಲ್ಲ ಚೌಕಳಿಯಾಗಿ ಬರುವ ಹೊಸ ಕಾಟ ಶುರುವಾಯಿತು. ಅದನ್ನು ನೀವು ನೋಡಿಯೇ ಇರುತ್ತೀರಿ, ವಿವರಿಸುವುದಿಲ್ಲ.

ಈಗ ಪದದ ವಿಷಯ. ಸಮಗ್ರ ಅಂದರೆ ಒಬ್ಬರು ಬರೆದದ್ದೆಲ್ಲವೂ ಒಟ್ಟಿಗೆ: ಸಮಗ್ರ ಕಥೆಗಳು, ಸಮಗ್ರ ನಾಟಕಗಳು. ಸಂಪೂರ್ಣ ಅನ್ನುವುದು ಸಡಿಲವಾದ ಮಾತು. ಕಥೆ ಕೊನೆ ಮುಟ್ಟಿದರೆ ಸಂಪೂರ್ಣ ಅನ್ನುತ್ತೇವೆ, ನಡುವೆ ಏನು ಬಿಟ್ಟಿದ್ದಾರೆ ಅಂತ ಯಾರೂ ಕೇಳುವುದಿಲ್ಲ. ಪೂರ್ಣಪಾಠ ಅಂದರೆ ಒಂದು ಕೃತಿ, ಬರೆದವರು ಓದುಗರಿಗೆ ಕೊಟ್ಟಾಗ ಎಷ್ಟಿತ್ತೋ ಅಷ್ಟೂ, ಏನನ್ನೂ ಕತ್ತರಿಸದೆ. ದಪ್ಪಕ್ಕೂ ಅದಕ್ಕೂ ಸಂಬಂಧವಿಲ್ಲ. ಒಂದು ಪುಟದ ಕಥೆಗೂ ಪೂರ್ಣಪಾಠವಿರುತ್ತದೆ, ದಿಂಬಿನಷ್ಟು ದಪ್ಪದ ಪುಸ್ತಕವೂ ಕತ್ತರಿಸಿದ್ದಿರಬಹುದು. ಕಾಗುಣಿತ ತಿದ್ದಿದರೆ ಪೂರ್ಣಪಾಠಕ್ಕೆ ಭಂಗವಿಲ್ಲ. ಒಂದು ಪ್ಯಾರಾ ತೆಗೆದರೆ, ಅದು ಎಷ್ಟೇ ಬೇಡದ ಪ್ಯಾರಾ ಆಗಿರಲಿ, ಆ ಪದ ಹಾಕುವ ಹಾಗಿಲ್ಲ. ಇಷ್ಟು ನನಗೂ ಗೊತ್ತಿತ್ತು. ಗೊತ್ತಿದ್ದೂ ಆದದ್ದನ್ನು ಹೇಳುತ್ತೇನೆ.

ನಾನು ಪಿಯುಸಿಯಲ್ಲಿದ್ದಾಗ ನಮಗೆ ನಾನ್‌ಡೀಟೈಲು ಅಂತ, ಪಠ್ಯದ ಜೊತೆಗೆ ಓದಲು, ಒಂದು ಕಾದಂಬರಿ ಇತ್ತು. ಹೆಸರು 'ಹಿತ್ತಲ ಹಾಸ್ಟೆಲು'. ಹಳ್ಳಿ ಹುಡುಗಿಯೊಬ್ಬಳು ಟ್ರಂಕು ಹೊತ್ತು ಮೈಸೂರಿಗೆ ಬಂದು, ಹಾಸ್ಟೆಲಿನಲ್ಲಿದ್ದು, ಮೇಷ್ಟ್ರ ಟ್ರೈನಿಂಗ್ ಮುಗಿಸುವ ಕಥೆ. ನನ್ನ ಕಥೆಯೇ ಅನ್ನಿ. ಬರೆದವರು ಸುಶೀಲಾ ಟೀಚರ್, ಇಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ಪ್ರಕಟಿಸಿದವರು ಮುಂದೆ ನನಗೆ ಅನ್ನ ಕೊಟ್ಟ ಪ್ರಕಾಶನದವರೇ. ಆ ಪುಸ್ತಕ ವರ್ಷ ವರ್ಷ ಮರುಮುದ್ರಣವಾಯಿತು, ಪಠ್ಯದಿಂದ ಹೋದ ಮೇಲೂ ಮಾರಾಟವಾಗುತ್ತಿತ್ತು.

ನನ್ನ ಸರ್ವೀಸಿನ ಕೊನೆಗಾಲದಲ್ಲಿ ಪ್ರಕಾಶನದ ಹಳೆಯ ಯಜಮಾನರು ತೀರಿಕೊಂಡು ಅವರ ಮಗ ಸುರೇಶ್ ನೋಡಿಕೊಳ್ಳುತ್ತಿದ್ದರು. ಚುರುಕಿನ ಮನುಷ್ಯ. ಊರಿನ ಬೇರೆಯವರು ದೊಡ್ಡ ಕಾದಂಬರಿಗಳನ್ನು ಹಿಂಡಿ ಸಣ್ಣದು ಮಾಡಿ ಮಾರಲು ಶುರು ಮಾಡಿದ್ದರು. ಸುರೇಶ್ ಅವರು, "ನಾವು ಉಲ್ಟಾ ಹೋಗೋಣ ಗೌರಮ್ಮನವ್ರೇ. ನಮ್ಮ ಹಳೇ ಕಾದಂಬರಿಗಳನ್ನೆಲ್ಲ ಪೂರ್ಣಪಾಠ ಅಂತ ಮುಂದೆ ದಪ್ಪಕ್ಷರದಲ್ಲಿ ಹಾಕಿ ತರೋಣ" ಅಂದರು. ಮೊದಲ ಪುಸ್ತಕ 'ಹಿತ್ತಲ ಹಾಸ್ಟೆಲು'. ಟೀಚರಿಗೂ ಫೋನು ಮಾಡಿ ಪೂರ್ಣಪಾಠ ತರುತ್ತಿದ್ದೇವೆ ಅಂತ ಹೇಳಿದರು. ನಾಲ್ಕು ಪುಸ್ತಕದ ರಕ್ಷಾಪುಟ ಒಟ್ಟಿಗೆ ಅಚ್ಚು ಹಾಕಿಸಿದರೆ ಅಗ್ಗ ಅಂತ ಮೊದಲೇ ಅಚ್ಚು ಹಾಕಿಸಿಯೂ ಬಿಟ್ಟರು.

ಮರುಮುದ್ರಣಕ್ಕೆ ನಮ್ಮಲ್ಲಿ ಒಂದು ಪದ್ಧತಿಯಿತ್ತು. ಬೀರು ತೆಗೆದು, ಇದ್ದದ್ದರಲ್ಲಿ ಹರಿಯದ, ಹುಳ ಹೊಡೆಯದ ಪ್ರತಿ ಆರಿಸಿ ಟೈಪು ಮಾಡಲು ಕೊಡುವುದು. ಹಾಗೇ ಕೊಟ್ಟೆವು. ಟೈಪಾಗಿ ಬಂದದ್ದನ್ನು ಆ ಪ್ರತಿಯ ಜೊತೆ ಇಟ್ಟು ನೋಡಿದೆ. ಒಂದೂ ತಪ್ಪಿಲ್ಲದ ಕರಡು. ನನ್ನ ಜೀವಮಾನದಲ್ಲೇ ಅಷ್ಟು ಚೊಕ್ಕ ಕರಡು ನೋಡಿರಲಿಲ್ಲ.

ಟೀಚರಿಗೆ ಆಗ ಎಂಬತ್ತು ದಾಟಿತ್ತು, ಕಣ್ಣು ಪೂರ್ತಿ ಹೋಗಿತ್ತು. ಪುಸ್ತಕ ಅಚ್ಚಿಗೆ ಹೋಗುವ ಮೊದಲು ಒಂದು ಸಲ ಓದಿಸಿ ಕೇಳಬೇಕು ಅಂತ ಹೇಳಿ ಕಳಿಸಿದರು. ಸಿದ್ಧಾರ್ಥನಗರದ ಅವರ ಮನೆಗೆ ಕರಡು ಹಿಡಿದು ಹೋದೆ. ಗಟ್ಟಿಯಾಗಿ ಓದಿ ಎಷ್ಟೋ ಕಾಲವಾಗಿತ್ತು. ಹಳೇ ಅಭ್ಯಾಸ, ಮೊದಲ ವಾಕ್ಯಕ್ಕೇ ಪೂರ್ಣವಿರಾಮ ಅಂದುಬಿಟ್ಟೆ. "ಅದನ್ನ ಬಿಡಮ್ಮ, ಕೇಳಿಸತ್ತೆ" ಅಂತ ನಕ್ಕರು. ಮಡಿಲಲ್ಲಿ ಕೈಯಿಟ್ಟುಕೊಂಡು, ಮದುವೆ ಮನೆಯಲ್ಲಿ ಊಟಕ್ಕೆ ಕೂತವರ ಹಾಗೆ ಸಂತೋಷವಾಗಿ ಕೂತಿದ್ದರು. ಒಂದು ಅಧ್ಯಾಯ ಮುಗಿಯಿತು.

"ನಿಂಗಮ್ಮ ಇನ್ನೂ ಬರ್ಲಿಲ್ವಲ್ಲ?" ಅಂದರು.

ಮನೆಗೆಲಸದವರು ಇರಬೇಕು ಅಂತ ಬಾಗಿಲ ಕಡೆ ನೋಡಿದೆ. "ಯಾರೂ ಬಂದಿಲ್ಲ ಟೀಚರ್."

"ಅಯ್ಯೋ, ಕಥೆಯಲ್ಲಿ ಕಣಮ್ಮ. ಹಾಸ್ಟೆಲಿನ ಅಡುಗೆಯವಳು. ಜಟಕಾ ಬಂದ ತಕ್ಷಣ ಹುಡುಗಿಯ ಟ್ರಂಕು ಇಳಿಸಿಕೊಳ್ಳೋದೇ ಅವಳು."

ಕರಡು ನೋಡಿದೆ. ಅಲ್ಲಿ ಇದ್ದದ್ದು, ಟ್ರಂಕನ್ನು ಕೆಳಗಿಳಿಸಲಾಯಿತು ಅಂತ. ಬೀರುವಿನ ಪ್ರತಿಯಲ್ಲೂ ಅದೇ. ಪಿಯುಸಿಯಲ್ಲಿ ನಾನು ಓದಿದ್ದೂ ಅದೇ. ಯಾರು ಇಳಿಸಿದರು ಅಂತ ಇಷ್ಟು ವರ್ಷ ನಾನೂ ಕೇಳಿರಲಿಲ್ಲ.

ಓದಿ ಹೇಳಿದೆ. ಟೀಚರ್, "ಹಾಗಾದ್ರೆ ಇದು ಅದೇ ಕತ್ತರಿ ಬಿದ್ದ ಪುಸ್ತಕ" ಅಂದರು.

ನಡೆದದ್ದು ಇಷ್ಟು. ಆ ಕಾದಂಬರಿ ಮೊದಲು ಒಂದು ವಾರಪತ್ರಿಕೆಯಲ್ಲಿ ಕಂತು ಕಂತಾಗಿ ಬಂದಿತ್ತು. ಪಠ್ಯವಾಗುವ ಅವಕಾಶ ಬಂದಾಗ ಹಳೆಯ ಯಜಮಾನರು, ಉದ್ದವಾಯಿತು, ಅಲ್ಲದೆ ಅಡುಗೆಯವಳ ಹಳ್ಳಿ ಮಾತು ಪರೀಕ್ಷೆ ಬರೆಯುವ ಮಕ್ಕಳಿಗೆ ಶೋಭಿಸುವುದಿಲ್ಲ ಅಂದರಂತೆ. ಉದ್ದ ಕಂಡ ಕಡೆ ಮೊಟಕು ಮಾಡಿ, ನಿಂಗಮ್ಮನನ್ನು ಪೂರ್ತಿ ತೆಗೆದುಬಿಟ್ಟರು. ಟೀಚರ್ ಪತ್ರಿಕೆಯಿಂದ ಕತ್ತರಿಸಿ ಇಟ್ಟುಕೊಂಡಿದ್ದ ಒಂದೇ ಒಂದು ಸೆಟ್ಟಿನ ಮೇಲೆಯೇ ಕತ್ತರಿ ಆಡಿಸಿ, ಉಳಿದದ್ದನ್ನು ಗೋಂದು ಹಚ್ಚಿ ಅಂಟಿಸಿ ಪ್ರೆಸ್ಸಿಗೆ ಕೊಟ್ಟರು. "ನಾನೂ ಹೂಂ ಅಂದೆ ಕಣಮ್ಮ. ಪುಸ್ತಕ ಆಗೋದೇ ಆವಾಗ ದೊಡ್ಡದಾಗಿತ್ತು" ಅಂದರು. ಮೊದಲ ಮುದ್ರಣದಲ್ಲಿ, ಶೀರ್ಷಿಕೆ ಪುಟದ ಹಿಂದೆ, ವಿದ್ಯಾರ್ಥಿ ಆವೃತ್ತಿ ಅಂತ ಸಣ್ಣಕ್ಷರದಲ್ಲಿತ್ತಂತೆ. ಆ ಪುಟವನ್ನು ಪ್ರತಿ ಮುದ್ರಣಕ್ಕೂ ಹೊಸದಾಗಿ ಜೋಡಿಸುತ್ತಾರೆ, ಹಳೆಯದರ ಜೊತೆ ಯಾರೂ ಇಟ್ಟು ನೋಡುವುದಿಲ್ಲ. ಯಾವುದೋ ಮುದ್ರಣದಲ್ಲಿ ಆ ಸಾಲು ಉದುರಿಹೋಯಿತು. ಅವತ್ತಿಂದ ಕತ್ತರಿಸಿದ ಪುಸ್ತಕವೇ ಪುಸ್ತಕವಾಯಿತು. ಪ್ರತಿಯೇ ದೇವರು ಅಂದುಕೊಂಡು ನಾವು ಆ ದೇವರಿಗೇ ಮಂಗಳಾರತಿ ಎತ್ತಿದೆವು.

"ಹೇಗೆ ಮಾತಾಡ್ತಿದ್ಲು ಟೀಚರ್, ನಿಂಗಮ್ಮ?" ಅಂತ ಕೇಳಿದೆ.

ಟೀಚರ್ ಗಂಟಲು ಸರಿಮಾಡಿಕೊಂಡು ದನಿ ಬದಲಾಯಿಸಿದರು. "ಏನ್ ಮೊಗಾ, ಟ್ರಂಕೊಳೀಕೆ ಕಲ್ ತುಂಬ್ಕಂಡ್ ಬಂದಿದ್ದೀಯಾ? ಓದಾಕ್ ಬಂದ್ಯೋ, ಮನೆ ಕಟ್ಟಾಕ್ ಬಂದ್ಯೋ?"

ನಮ್ಮವ್ವನೇ ಪಕ್ಕದಲ್ಲಿ ನಿಂತು ಮಾತಾಡಿದ ಹಾಗಾಯಿತು. ಪಿಯುಸಿಯಲ್ಲಿ ಅದೇ ಪುಸ್ತಕ ಓದಿ, ನಮ್ಮವ್ವನಂಥವರು ಪುಸ್ತಕದೊಳಗೆ ಬರುವವರಲ್ಲ ಅಂತ ತಿಳಿದುಕೊಂಡಿದ್ದವಳು ನಾನು. ಅವಳು ಬಂದಿದ್ದಳು. ಬಂದವಳನ್ನು ಆಚೆ ಕಳಿಸಿದ್ದರು.

ಟೀಚರ್ ನನ್ನ ಕೈ ಹುಡುಕಿ ಹಿಡಿದುಕೊಂಡರು. "ಈ ಎರಡು ಮಾತು ಬಿಟ್ರೆ ನನಗೂ ಅವಳು ಮರೆತು ಹೋಗಿದ್ದಾಳೆ. ನಾನಿರೋವಾಗ ಒಂದ್ಸಲ ಅವಳನ್ನ ಪೂರ್ತಿ ಕೇಳ್ಬೇಕು ಗೌರಿ. ಆಗದಿದ್ರೆ ಆ ಪದ ನನ್ನ ಪುಸ್ತಕದ ಮೇಲೆ ಬೇಡ."

ಆಫೀಸಿಗೆ ಬಂದು ಸುರೇಶ್ ಅವರಿಗೆ ಹೇಳಿದೆ. "ರಕ್ಷಾಪುಟ ಅಚ್ಚಾಗಿ ಬಂದಿದೆಯಲ್ರೀ!" ಅಂದರು. "ಒಳಗೆ ಇಲ್ದೇ ಇರೋದನ್ನ ಹೊರಗೆ ಬರೆದು ಏನ್ ಮಾಡೋದು ಸಾರ್?" ಅಂದೆ. ಒಂದು ತಿಂಗಳು ಟೈಮು ಕೊಟ್ಟರು, ಸಿಕ್ಕರೆ ಸರಿ, ಇಲ್ಲದಿದ್ದರೆ ಇದ್ದದ್ದೇ ಅಚ್ಚಿಗೆ ಅಂತ ಷರತ್ತು ಹಾಕಿ.

ಪತ್ರಿಕೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಲೈಬ್ರರಿಗಳಲ್ಲಿ ಕೇಳಿದೆ, ಹಳೆಯ ವಾರಪತ್ರಿಕೆಗಳು ರದ್ದಿಗೆ ಹೋಗಿದ್ದವು. ಕಡೆಗೆ ನೆನಪಾದದ್ದು ಮೈಸೂರಿನ ಮನೆಮನೆಯ ಹಳೇ ಚಾಳಿ. ಧಾರಾವಾಹಿ ಇಷ್ಟವಾದರೆ ಹೆಂಗಸರು ವಾರ ವಾರ ಆ ಪುಟಗಳನ್ನು ಹರಿದಿಟ್ಟುಕೊಂಡು, ಮುಗಿದ ಮೇಲೆ ದಬ್ಬಳದಲ್ಲಿ ಹೊಲಿದು, ಕ್ಯಾಲೆಂಡರಿನ ಹಾಳೆ ಸುತ್ತಿ ಪುಸ್ತಕ ಮಾಡಿಕೊಳ್ಳುತ್ತಿದ್ದರು. ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ತರಕಾರಿ ಅಂಗಡಿಯಲ್ಲೂ ಹೇಳಿದೆ. ತಿಂಗಳು ಮುಗಿಯುವ ಮೊದಲು ಚಾಮರಾಜಪುರಂನಿಂದ ಫೋನು ಬಂತು. ಹೆಸರು ಜಯಲಕ್ಷ್ಮಮ್ಮ. "ನನ್ನ ಹತ್ರ ಇದೆ, ಆದ್ರೆ ಮನೆಯಿಂದ ಆಚೆ ಕೊಡಲ್ಲ. ಕೊಟ್ಟ ಪುಸ್ತಕ, ಕೊಟ್ಟ ಕೊಡೆ ವಾಪಸ್ಸು ಬಂದದ್ದು ನಾನು ನೋಡಿಲ್ಲ" ಅಂದರು.

ಅವರ ಮನೆಯಲ್ಲೇ ಕೂತು ಮೊಬೈಲಿನಲ್ಲಿ ಒಂದೊಂದೇ ಪುಟದ ಫೋಟೋ ತೆಗೆದೆ. ಪುಟದ ಹಿಂದೆಲ್ಲ ಅರ್ಧ ಪದಬಂಧ, ಕೂದಲೆಣ್ಣೆಯ ಜಾಹೀರಾತು, ಅರ್ಧಕ್ಕೆ ನಿಂತ ರವೆ ಉಂಡೆ ಮಾಡುವ ವಿಧಾನ. ಮುಂದೆ ನಿಂಗಮ್ಮ. ಬೈಯುತ್ತ, ಬಡಿಸುತ್ತ, ವಾರ್ಡನ್ನಿಗೆ ಎದುರು ಮಾತಾಡುತ್ತ, ಪರೀಕ್ಷೆಯ ದಿನ ಹುಡುಗಿಯ ತಲೆ ಬಾಚುತ್ತ. ಫೋಟೋ ತೆಗೆಯುವುದು ಬಿಟ್ಟು ಓದುತ್ತ ಕೂತುಬಿಡುತ್ತಿದ್ದೆ. "ಕಾಫಿ ಆರೋಯ್ತು ಕಣ್ರೀ" ಅಂತ ಜಯಲಕ್ಷ್ಮಮ್ಮ ಎಚ್ಚರಿಸುತ್ತಿದ್ದರು.

ಕೊನೆಯ ಭಾಗದಲ್ಲಿ ಒಂದು ಕಂತು ಇರಲಿಲ್ಲ. ನಮ್ಮ ಅಚ್ಚಾದ ಪುಸ್ತಕದಲ್ಲೂ ಆ ಕಂತಿನ ಒಂದು ಸಾಲೂ ಇರಲಿಲ್ಲ. ಕೇಳಿದರೆ, "ಆ ವಾರ ಹೆರಿಗೆಗೆ ಹೋಗಿದ್ದೆ. ಪತ್ರಿಕೆ ತೆಗೆದಿಡಿ ಅಂದ್ರೆ ನಮ್ಮ ಯಜಮಾನ್ರು ಮರೆತ್ರು. ಕಂತಿನ ಬದಲು ಇವನು ಬಂದ" ಅಂತ ಅಲ್ಲೇ ಪೇಪರು ಓದುತ್ತಿದ್ದ ಬೋಳುತಲೆಯ ಮಗನನ್ನು ತೋರಿಸಿದರು. ಆ ಮಗ, "ಇನ್ನೂ ನನ್ನ ಮೇಲೆ ಸಿಟ್ಟಿದೆ ಮೇಡಂ ಇವ್ರಿಗೆ" ಅಂದರು.

ಹೊಸದಾಗಿ ಟೈಪು ಮಾಡಿಸಿದೆವು. ಸುರೇಶ್ ಅವರು ಆ ಒಂದು ಕಂತಿಗೆ ಸುಲಭದ ದಾರಿ ಹೇಳಿದರು. ಟೀಚರ್ ಇದ್ದಾರಲ್ಲ, ಅವರು ಹೇಳಲಿ, ನೀವು ಬರೆದುಕೊಳ್ಳಿ. ಬರೆದವರೇ ಬರೆದರೆ ಪೂರ್ಣಪಾಠವಲ್ಲದೆ ಇನ್ನೇನು? ಕೇಳಿದರೆ ನ್ಯಾಯವಾಗಿಯೇ ಇತ್ತು. ಟೀಚರಿಗೆ ಹೇಳಿದೆ. ಬೇಡ ಅಂತ ತಲೆಯಾಡಿಸಿದರು. "ಅದನ್ನ ಬರೆದೋಳಿಗೆ ಮೂವತ್ತು ಚಿಲ್ಲರೆ ವಯಸ್ಸು. ಅವಳು ಎಲ್ಲಿದ್ದಾಳೆ? ಈಗ ನಾನು ಹೇಳಿದ್ರೆ ಅದು ತೇಪೆ ಆಗತ್ತೆ, ಸೀರೆ ಆಗಲ್ಲ."

"ಒಂದು ಕಂತು ತಾನೇ? ಯಾರಿಗೆ ಗೊತ್ತಾಗತ್ತೆ?" ಅಂದರು ಸುರೇಶ್.

"ನಿಂಗಮ್ಮ ಇಲ್ಲ ಅಂತ್ಲೂ ಯಾರಿಗೂ ಗೊತ್ತಾಗಿರಲಿಲ್ಲ ಸಾರ್. ಎಂ.ಎ. ಮಾಡಿದ ನನಗೇ ಗೊತ್ತಾಗಿರಲಿಲ್ಲ" ಅಂದೆ.

ಅವರು ನನ್ನನ್ನು ನೋಡಿದರು, ರಕ್ಷಾಪುಟದ ಕಟ್ಟುಗಳನ್ನು ನೋಡಿದರು, ಪಾಪ, ಒಪ್ಪಿದರು. ಪೂರ್ಣಪಾಠ ಅನ್ನುವ ಪದದ ಮೇಲೆ ಅದೇ ಬಣ್ಣದ ಚೀಟಿ ಅಂಟಿಸಿದೆವು. ಇಡೀ ಆಫೀಸು ಕೂತು ಅಂಟಿಸಿತು, ಸುರೇಶ್ ಅವರೂ ಕೂತರು. ಕಂತು ಇಲ್ಲದ ಜಾಗದಲ್ಲಿ ಒಂದು ಪುಟ ಖಾಲಿ ಬಿಟ್ಟು, ಇಲ್ಲಿನ ಕಂತು ದೊರೆತಿಲ್ಲ, ಯಾರ ಬಳಿಯಾದರೂ ಇದ್ದರೆ ತಿಳಿಸಿ ಅಂತ ಎರಡು ಸಾಲು ಹಾಕಿದೆವು. ಓದುಗರು ಮೊದಲು ಮಾಡಿದ ಕೆಲಸ ಚೀಟಿ ಕಿತ್ತು ನೋಡಿದ್ದು. ಒಬ್ಬರು ಫೋನು ಮಾಡಿ, "ಪೂರ್ಣಪಾಠವನ್ನ ಯಾಕ್ರೀ ಬಚ್ಚಿಟ್ಟಿದ್ದೀರಾ?" ಅಂತ ಜಗಳವಾಡಿದರು.

ಟೀಚರಿಗೆ ಪೂರ್ತಿ ಓದಿ ಹೇಳಿದೆ. ನಿಂಗಮ್ಮ ಬಂದಾಗಲೆಲ್ಲ ನಾನು ತಿದ್ದಿಕೊಂಡ ಹಕಾರವನ್ನು ಪಕ್ಕಕ್ಕಿಟ್ಟು ನಮ್ಮೂರ ನಾಲಿಗೆಯಲ್ಲೇ ಓದಿದೆ. ಟೀಚರ್ ಅಲ್ಲಲ್ಲಿ ನಕ್ಕರು, ಅಲ್ಲಲ್ಲಿ ಇನ್ನೊಂದ್ಸಲ ಅಂದರು. ಖಾಲಿ ಪುಟ ಬಂದಾಗ ಅಲ್ಲಿ ಹಾಕಿದ್ದ ಎರಡು ಸಾಲನ್ನೂ ಓದಿ ಹೇಳಿದೆ.

ಮಾರನೇ ವರ್ಷ ಹಾಸನದ ಕಡೆಯ ಓದುಗರೊಬ್ಬರು ಆ ವಾರದ ಇಡೀ ಸಂಚಿಕೆಯನ್ನೇ ಅಂಚೆಯಲ್ಲಿ ಕಳಿಸಿದರು. ಅವರ ತಂದೆ ಬರೆದ ನಾಲ್ಕು ಸಾಲಿನ ನಗೆಹನಿಯೊಂದು ಅದರಲ್ಲಿ ಅಚ್ಚಾಗಿತ್ತಂತೆ, ಅದಕ್ಕೇ ಇಷ್ಟು ವರ್ಷ ಪೆಟ್ಟಿಗೆಯಲ್ಲಿತ್ತು. ಮರುಮುದ್ರಣದ ಹೊತ್ತು. ನಾನು ಓಡೋಡಿ ಸಿದ್ಧಾರ್ಥನಗರಕ್ಕೆ ಹೋದೆ. ಟೀಚರ್ ದಿಂಬಿಗೆ ಒರಗಿ ಕೂತು, "ಓದು, ಓದು" ಅಂದರು.

ಹೇಳಿಬಿಡುತ್ತೇನೆ, ಆ ಕಂತು ಚೆನ್ನಾಗಿರಲಿಲ್ಲ. ನಿಂಗಮ್ಮ ಇರಲೇ ಇಲ್ಲ. ಹಾಸ್ಟೆಲಿನ ವಾರ್ಷಿಕೋತ್ಸವ, ಅದರಲ್ಲಿ ಅಧ್ಯಕ್ಷರ ಭಾಷಣ. ಸ್ವಾಗತ, ಕೃತಜ್ಞತೆ, ದೇಶದ ಮುನ್ನಡೆಯಲ್ಲಿ ಮಹಿಳೆಯರ ಪಾತ್ರ, ಕಟ್ಟಡಕ್ಕೆ ಜಾಗ ಕೊಟ್ಟವರ ಹೆಸರುಗಳು. ಭಾಷಣ ಮುಗಿಯುವುದೇ ಇಲ್ಲ. ಟೀಚರ್ ಮೊದಲು ಹುಬ್ಬು ಗಂಟಿಕ್ಕಿದರು. "ಇದನ್ನ ನಾನೇ ಬರೆದ್ನಾ?" ಅಂದರು. "ಕತ್ತರಿ ಇದ್ಯೇನೆ ಗೌರಿ?" ಅಂತ ನಕ್ಕರು. ಅಧ್ಯಕ್ಷರು ಎರಡನೆಯ ಸಲ ಕೃತಜ್ಞತೆ ಹೇಳುವ ಹೊತ್ತಿಗೆ ಸಣ್ಣಗೆ ಗೊರಕೆ ಕೇಳಿಸಿತು.

ನಾನು ನಿಲ್ಲಿಸಲಿಲ್ಲ. ಶಾಮರಾಯರ ಬೆಂಚಿನಲ್ಲಿ ಕಲಿತವಳು, ಕೇಳುವವರು ನಿದ್ದೆ ಹೋದರೆ ಓದು ನಿಲ್ಲುವುದಿಲ್ಲ. ಕೊನೆಯ ಸಾಲಿನವರೆಗೂ, ಆ ಜಾಗ ಕೊಟ್ಟವರ ಹೆಸರುಗಳನ್ನೂ ಸೇರಿಸಿ, ಗಟ್ಟಿಯಾಗಿಯೇ ಓದಿದೆ. ದನಿ ನಿಂತದ್ದಕ್ಕೆ ಟೀಚರಿಗೆ ಎಚ್ಚರವಾಯಿತು.

"ಮುಗೀತಾ?"

"ಮುಗೀತು ಟೀಚರ್."

"ನಾನು ಮಲಗಿದ್ದಾಗ ಏನೂ ಬಿಡ್ಲಿಲ್ಲ ತಾನೆ?"

"ಒಂದಕ್ಷರಾನೂ ಬಿಟ್ಟಿಲ್ಲ."

"ಹಾಗಾದ್ರೆ ಈಗ ಹಾಕು ಆ ಪದ" ಅಂದರು.